ಅಸೈಲಮ್ ಫೈಲು ಕಟ್ಟುವುದು: ಲಾ ವಿದ್ಯಾರ್ಥಿ ಇಂಟರ್ನ್ ಆಗಿ ನನ್ನ ಅನುಭವ

ಅಮೆರಿಕದ ವಲಸೆ ನ್ಯಾಯಾಲಯದಲ್ಲಿ ಗಡೀಪಾರಿನ ಕೇಸು ಎದುರಿಸುವವರಿಗೆ ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಕೈಯಲ್ಲಿ ಕಾಸಿಲ್ಲದವರು ಉಚಿತ ನೆರವಿನ ಸಂಸ್ಥೆಗಳ ಬಾಗಿಲಿಗೆ ಬರುತ್ತಾರೆ. ಅವರಲ್ಲಿ ಅಸೈಲಮ್, ಅಂದರೆ ತಾಯ್ನಾಡಿನಲ್ಲಿ ಕಿರುಕುಳದ ಭಯವಿದೆ ಎಂದು ಆಶ್ರಯ, ಕೇಳುವವರ ಫೈಲು ಕಟ್ಟುವುದು ನನ್ನ ಕೆಲಸವಾಗಿತ್ತು. ಬೇಸಿಗೆಯ ಹತ್ತು ವಾರ ಲಾ ವಿದ್ಯಾರ್ಥಿಗಳು ಕೆಲಸ ಮಾಡುವುದೂ ಅಲ್ಲೇ. ಕಕ್ಷಿದಾರರು ಕೇಳಿಕೊಂಡಿರಬೇಕು, ಅವರಿಂದ ಸಂಭಾವನೆ ಪಡೆಯಬಾರದು, ವಕೀಲರ ನೇರ ಮೇಲ್ವಿಚಾರಣೆ ಇರಬೇಕು, ನ್ಯಾಯಾಧೀಶರು ಒಪ್ಪಬೇಕು. ಇಷ್ಟಾದರೆ ವಿದ್ಯಾರ್ಥಿಯೂ ಕೋರ್ಟಿನಲ್ಲಿ ನಿಲ್ಲಬಹುದು. ಆದರೆ ಹತ್ತು ವಾರದಲ್ಲಿ ಒಂಬತ್ತು ವಾರ ಫೈಲಿನ ಕೆಲಸವೇ. ಕೇಸು ಉಳಿಯುವುದೂ ಕೆಡುವುದೂ ಬಹುಪಾಲು ಅಲ್ಲೇ.

ಫೈಲು ಕೈಗೆ ಬಂದ ಕೂಡಲೇ ನಾನು ನೋಡುತ್ತಿದ್ದುದು ಎ-ನಂಬರ್, ಅಂದರೆ ವಲಸಿಗರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ. ಒಂಬತ್ತು ಅಂಕಿ ಇರಬೇಕು. ಎಂಟೇ ಇದ್ದರೆ ಮೊದಲಿಗೆ ಸೊನ್ನೆ ಸೇರಿಸಿ. ಅದನ್ನು ಹಾಕಿ ಕೋರ್ಟಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಮುಂದಿನ ವಾಯಿದೆ ಯಾವಾಗ, ಯಾವ ಊರಿನ ಕೋರ್ಟಿನಲ್ಲಿ ಎಂದು ನಾನೇ ಪರೀಕ್ಷಿಸುತ್ತಿದ್ದೆ. ಕಕ್ಷಿದಾರರ ಕೈಯಲ್ಲಿರುವ ಹಳೆಯ ನೋಟಿಸನ್ನು ನಂಬುತ್ತಿರಲಿಲ್ಲ. ವಾಯಿದೆಗೆ ಹೋಗದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರು ಆದೇಶ ಆಗಿಬಿಡಬಹುದು. ಮನೆ ಬದಲಿಸಿದ್ದರೆ ಐದು ಕೆಲಸದ ದಿನಗಳೊಳಗೆ ಕೋರ್ಟಿಗೆ ವಿಳಾಸ ಬದಲಾವಣೆಯ ಇಒಐಆರ್-33 ಫಾರಂ ಕೊಡಬೇಕು. ವಲಸೆ ಅರ್ಜಿಗಳನ್ನು ನೋಡುವ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ವಿಳಾಸ ತಿಳಿಸಿದರೆ ಕೋರ್ಟಿಗೂ ತಿಳಿಯಿತು ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ, ಎರಡಕ್ಕೂ ಬೇರೆ ಬೇರೆಯಾಗಿ ತಿಳಿಸಬೇಕು.

ಆಮೇಲೆ ಒಂದು ವರ್ಷದ ಗಡುವು. ಅಮೆರಿಕಕ್ಕೆ ಕೊನೆಯ ಬಾರಿ ಬಂದ ದಿನದಿಂದ ಒಂದು ವರ್ಷದೊಳಗೆ ಅಸೈಲಮ್ ಕೋರುವ ಐ-589 ಅರ್ಜಿ ಸೇರಿರಬೇಕು. ಮೊದಲ ವಾಯಿದೆಯೇ ಹದಿನಾಲ್ಕು ತಿಂಗಳ ಆಚೆ ಇದ್ದರೆ ‘ಅಂದು ಕೊಟ್ಟರಾಯಿತು’ ಎಂದು ಸುಮ್ಮನಿರುವವರು ಬಹಳ. ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ವಿನಾಯಿತಿಗಳಿವೆ, ಆದರೆ ಅವನ್ನು ಸಾಬೀತುಪಡಿಸುವುದೇ ಇನ್ನೊಂದು ಕೇಸು. ಗಡುವು ಹತ್ತಿರವಿದ್ದರೆ ಅರ್ಜಿಯನ್ನು ಮೊದಲು ಸಲ್ಲಿಸಿ, ಕಕ್ಷಿದಾರರು ತಮಗೆ ಆದದ್ದನ್ನು ಹೇಳುವ ವಿವರವಾದ ಹೇಳಿಕೆಯನ್ನು ನಂತರ ಸೇರಿಸುವುದು ರೂಢಿ. ಕೋರ್ಟಿನಲ್ಲಿ ಕೇಸು ನಡೆಯುತ್ತಿರುವವರು ಅರ್ಜಿ ಕೊಡಬೇಕಾದ್ದೂ ಕೋರ್ಟಿಗೇ.

ಇನ್ನು ಹೇಳಿಕೆ. ಹೆಚ್ಚು ಹೊತ್ತು ಹಿಡಿಯುವುದು ಇದೇ. ಎರಡೆರಡು ಗಂಟೆಯ ಮೂರು-ನಾಲ್ಕು ಭೇಟಿ ಬೇಕು. ಮೊದಲ ಭೇಟಿಯಲ್ಲಿ ನಾನು ಹೇಳಿಕೆ ಬರೆಯಲು ಹೋಗುತ್ತಿರಲಿಲ್ಲ. ನಾಲ್ಕು ಕಾಲಮ್ಮಿನ ಹಾಳೆ ಇಟ್ಟುಕೊಂಡು ದಿನಾಂಕ, ಜಾಗ, ನಡೆದದ್ದು, ಪುರಾವೆ ಎಂದು ತುಂಬಿಸುತ್ತಿದ್ದೆ. ‘ಯಾವ ತಾರೀಕು?’ ಎಂದು ಕೇಳಿದರೆ ಜನ ಮರ್ಯಾದೆಗಾಗಿ ಯಾವುದೋ ಒಂದು ತಾರೀಕು ಹೇಳಿಬಿಡುತ್ತಾರೆ, ಮುಂದೆ ಅದೇ ಕುತ್ತಿಗೆಗೆ ಬರುತ್ತದೆ. ಹಬ್ಬಕ್ಕೆ ಮೊದಲೋ ಆಮೇಲೋ, ಕೊಯ್ಲು ಮುಗಿದಿತ್ತೋ, ಮಗು ಶಾಲೆಗೆ ಹೋಗುತ್ತಿತ್ತೋ ಎಂದು ಕೇಳಿ. ಗೊತ್ತಾಗದಿದ್ದರೆ ‘ಸುಮಾರು’ ಎಂದೇ ಬರೆಯಿರಿ.

ಪಂಚಾಂಗದ ತೊಡಕು ಬೇರೆ. ನೇಪಾಳದವರು ಹೇಳುವುದು ವಿಕ್ರಮ ಸಂವತ್: ಇಂಗ್ಲಿಷ್ ವರ್ಷ ಸಿಗಲು ವೈಶಾಖದಿಂದ ಪೌಷದ ಮಧ್ಯದವರೆಗೆ 57 ಕಳೆಯಬೇಕು, ಅಲ್ಲಿಂದ ಚೈತ್ರದ ಕೊನೆಯವರೆಗೆ 56. ಇಥಿಯೋಪಿಯಾದ ವರ್ಷ ಏಳೆಂಟು ವರ್ಷ ಹಿಂದಿರುತ್ತದೆ, ತಿಂಗಳು ಹದಿಮೂರು. ಗಡಿಯಲ್ಲಿ ದುಭಾಷಿ ಅವಸರದಲ್ಲಿ ತಪ್ಪು ವರ್ಷ ಹೇಳಿದ್ದರೆ ಅದು ದಾಖಲೆಯಲ್ಲಿ ಹಾಗೇ ಕೂತಿರುತ್ತದೆ.

ಹಾಗಾಗಿ ಕರಡು ಆದ ಮೇಲೆ ಗಡಿಯಲ್ಲಿ ಅಧಿಕಾರಿ ಬರೆದುಕೊಂಡ ಹೇಳಿಕೆ, ‘ಕ್ರೆಡಿಬಲ್ ಫಿಯರ್’ (ಭಯಕ್ಕೆ ನಂಬಲರ್ಹ ಕಾರಣವಿದೆಯೇ ಎಂದು ನೋಡುವ) ಸಂದರ್ಶನದ ಟಿಪ್ಪಣಿ, ಐ-589 ಮೂರನ್ನೂ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. 2005ರ ರಿಯಲ್ ಐಡಿ ಕಾಯ್ದೆಯ ನಂತರ ಕೇಸಿನ ತಿರುಳಿಗೆ ಸಂಬಂಧವಿಲ್ಲದ ವ್ಯತ್ಯಾಸವನ್ನು ಹಿಡಿದುಕೊಂಡೂ ನ್ಯಾಯಾಧೀಶರು ‘ಇವರ ಮಾತು ನಂಬಲರ್ಹವಲ್ಲ’ ಎನ್ನಬಹುದು. ಒಂದು ಕಡೆ ಎರಡು ಸಲ ಹೊಡೆದರು, ಇನ್ನೊಂದು ಕಡೆ ಮೂರು ಸಲ ಎಂದಿದ್ದರೆ ಸಂಖ್ಯೆ ತಿದ್ದಿ ಸರಿಹೊಂದಿಸುವುದು ಮಹಾ ತಪ್ಪು. ಕಕ್ಷಿದಾರರನ್ನೇ ಕೇಳಿ, ಯಾಕೆ ಹಾಗಾಯಿತು ಎಂಬುದನ್ನು ಅವರದೇ ಮಾತಿನಲ್ಲಿ ಹೇಳಿಕೆಯಲ್ಲಿ ಸೇರಿಸಿ. ಕಾನೂನು ಪದಗಳನ್ನು ತುರುಕಬೇಡಿ. ‘ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳ’ ಎಂದು ಹಳ್ಳಿಯ ರೈತ ಮಾತಾಡುವುದಿಲ್ಲ ಎಂದು ಎದುರು ವಕೀಲರಿಗೂ ಗೊತ್ತು.

ಹೆಸರನ್ನೂ ನೋಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದ ಭಾರತೀಯರಿಗೆ ಅಮೆರಿಕದ ದಾಖಲೆಯಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಹೆಸರು ಅಂಟಿರುತ್ತದೆ. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮವರಿಗೆ ಈ ಪಾಡು ಬಿಡಿಸಿ ಹೇಳಬೇಕಿಲ್ಲ.

ಇಂಗ್ಲಿಷ್ ಅಲ್ಲದ ಪ್ರತಿ ಕಾಗದಕ್ಕೂ ಅನುವಾದ ಬೇಕು. ಜೊತೆಗೆ, ತನಗೆ ಆ ಭಾಷೆ ಬರುತ್ತದೆ, ಅನುವಾದ ನಿಖರವಾಗಿದೆ ಎಂದು ಅನುವಾದಕರು ಸಹಿ ಮಾಡಿದ ಪ್ರಮಾಣಪತ್ರ. ಇಂಗ್ಲಿಷ್ ಬಾರದ ಕಕ್ಷಿದಾರರ ಹೇಳಿಕೆಯನ್ನು ಅವರ ಭಾಷೆಯಲ್ಲಿ ಓದಿ ಹೇಳಲಾಗಿದೆ ಎಂಬ ಪ್ರಮಾಣಪತ್ರವೂ ಬೇಕು. ಇದನ್ನು ಮರೆಯುವವರೇ ಹೆಚ್ಚು.

ಪುರಾವೆಗೆ ಟ್ಯಾಬ್, ಮೊದಲಿಂದ ಕೊನೆಯವರೆಗೆ ಒಂದೇ ಪುಟಸಂಖ್ಯೆ, ವಿಷಯಸೂಚಿ. ದೇಶದ ಪರಿಸ್ಥಿತಿಯ ವರದಿ ನೂರಾರು ಪುಟ ಇದ್ದರೂ ಬೇಕಾದ ಸಾಲಿಗೆ ಬಣ್ಣ ಹಚ್ಚದಿದ್ದರೆ ಯಾರೂ ಓದುವುದಿಲ್ಲ. ಬಂಧನದಲ್ಲಿಲ್ಲದವರ ಅಂತಿಮ ವಿಚಾರಣೆಗೆ ಸಾಮಾನ್ಯವಾಗಿ 30 ದಿನ ಮೊದಲೇ ಸಲ್ಲಿಸಬೇಕು. ನ್ಯಾಯಾಧೀಶರು ಬೇರೆ ದಿನ ಕೊಟ್ಟಿದ್ದರೆ ಅದೇ ಅಂತಿಮ.

ಭಾರತದಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಒಂದು ಮಾತು: ಸಂಬಳವಿಲ್ಲದ ಇಂಟರ್ನ್‌ಶಿಪ್ ಆದರೂ ಸೇರುವ ಮೊದಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡಲು ಕೊಡುವ ಅನುಮತಿ) ಬಗ್ಗೆ ಕೇಳಿ. ಬೇರೆಯವರ ವೀಸಾ ಕೇಸು ನೋಡಲು ಹೋಗಿ ನಿಮ್ಮದನ್ನೇ ಕೆಡಿಸಿಕೊಳ್ಳಬೇಡಿ.

ಕೊನೆಯ ವಾರ ಹಸ್ತಾಂತರದ ಟಿಪ್ಪಣಿಗೆ ಮೀಸಲು. ವಿಚಾರಣೆ ವರ್ಷಗಳಾಚೆ ಇರಬಹುದು, ಫೈಲು ಇನ್ನೂ ಇಬ್ಬರು ಇಂಟರ್ನ್‌ಗಳ ಕೈ ದಾಟಬಹುದು. ಬಾಕಿ ದಾಖಲೆ, ಮುಂದಿನ ಗಡುವು, ಬಗೆಹರಿಯದ ವ್ಯತ್ಯಾಸ, ಕಕ್ಷಿದಾರರಿಗೆ ಫೋನ್ ಮಾಡಬಹುದಾದ ಹೊತ್ತು ಎಲ್ಲ ಬರೆದಿಡಿ. ಮೂಲ ದಾಖಲೆಗಳನ್ನು ಫೈಲಿನಲ್ಲಿ ಉಳಿಸಿಕೊಳ್ಳದೆ ಸ್ಕ್ಯಾನ್ ಮಾಡಿ, ಕಕ್ಷಿದಾರರಿಗೆ ವಾಪಸ್ ಕೊಟ್ಟು ಸಹಿ ತೆಗೆದುಕೊಳ್ಳಿ.