ಕೈ ಮೊದಲು, ಮಾತು ಆಮೇಲೆ

ಪಿಸ್ತೂಲು ಸೊಂಟದ ಬಲಕ್ಕೆ, ಪರ್ಸ್ ಪ್ಯಾಂಟಿನ ಬಲ ಹಿಂಜೇಬಿನಲ್ಲಿ. ಎರಡರ ನಡುವೆ ನಾಲ್ಕು ಬೆರಳಿನ ಅಂತರ. ಪಿಸ್ತೂಲಿನ ಲೈಸೆನ್ಸ್ ಸಿಕ್ಕ ಮೊದಲ ಆರು ತಿಂಗಳು ನಾನು ಟೆಕ್ಸಾಸ್‌ನಲ್ಲಿ ಹೀಗೆಯೇ ಓಡಾಡಿದೆ. ಇದೆಂಥ ಹುಚ್ಚು ಎಂದು ತಿಳಿದದ್ದು ಒಂದು ರಾತ್ರಿ ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಹೋಗುವಾಗ, 290ನೇ ಹೆದ್ದಾರಿಯಲ್ಲಿ ಬೆನ್ನ ಹಿಂದೆ ಕೆಂಪು-ನೀಲಿ ದೀಪ ಮಿನುಗಿದಾಗ.

ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಲ್ಲಿ ಬೆಳೆದವನು. ಆದರೆ ಅಲ್ಲಿ ಕೋವಿ ಎಲ್ಲರಿಗೂ ಕಾಣುವಂತೆ ಗೋಡೆಯಲ್ಲಿರುತ್ತಿತ್ತು. ಅದನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಪೊಲೀಸರ ಮುಂದೆ ಕೂರುವ ವಿದ್ಯೆಯನ್ನು ಅಜ್ಜ ಕಲಿಸಿರಲಿಲ್ಲ. ಎಚ್-1ಬಿ ವೀಸಾದಲ್ಲಿದ್ದಷ್ಟು ಕಾಲ ಇದರ ಗೋಜಿಗೇ ಹೋಗಿರಲಿಲ್ಲ. ಕೆಲವು ಅಪವಾದಗಳನ್ನು ಬಿಟ್ಟರೆ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಪಿಸ್ತೂಲಿನ ಲೈಸೆನ್ಸ್ ತರಗತಿಗೆ ಹೋದೆ. 3, 7, 15 ಗಜ ದೂರದಿಂದ 50 ಗುಂಡು ಹಾರಿಸಿ ಪಾಸಾದೆ.

ಆ ರಾತ್ರಿ ಅಧಿಕಾರಿ ಪಕ್ಕದ ಸೀಟಿನ ಕಿಟಕಿಯ ಬಳಿ ಬಂದು ಡ್ರೈವಿಂಗ್ ಲೈಸೆನ್ಸ್ ಕೇಳಿದರು. ಅಭ್ಯಾಸಬಲದಿಂದ ನನ್ನ ಬಲಗೈ ಹಿಂಜೇಬಿನತ್ತ ಅರ್ಧ ದಾರಿ ಹೋಗಿಬಿಟ್ಟಿತು. ಟಾರ್ಚಿನ ಬೆಳಕು ಮುಖದಿಂದ ಕೈಗೆ ಇಳಿಯಿತು. ಕೈಯನ್ನು ಮೆಲ್ಲನೆ ಸ್ಟೀರಿಂಗ್ ಮೇಲೆ ತಂದಿಟ್ಟು ವಿಷಯ ಹೇಳಿದೆ. ಅವರು ನನ್ನನ್ನು ಇಳಿಸಿ, ಬೆನ್ನು ತಿರುಗಿಸಿ ನಿಲ್ಲಿಸಿ, ಪಿಸ್ತೂಲು, ಪರ್ಸ್ ಎರಡನ್ನೂ ತಾವೇ ತೆಗೆದುಕೊಂಡರು. ಸುರಕ್ಷತೆಗೆ ಬೇಕೆನಿಸಿದರೆ ಅಧಿಕಾರಿ ಹಾಗೆ ಮಾಡಬಹುದು, ಬಿಟ್ಟು ಕಳುಹಿಸುವ ಮೊದಲು ಹಿಂದಿರುಗಿಸಬೇಕು ಎನ್ನುತ್ತದೆ ಟೆಕ್ಸಾಸ್ ಕಾನೂನು. ಗುಂಡು ತೆಗೆದು, ಮ್ಯಾಗಜೀನ್ ಬೇರೆ, ಪಿಸ್ತೂಲು ಬೇರೆ ಮಾಡಿ ಕೊಟ್ಟರು. ಅತಿವೇಗಕ್ಕೆ ದಂಡವಿಲ್ಲ, ಎಚ್ಚರಿಕೆಯ ಚೀಟಿ ಮಾತ್ರ.

ಮನೆ ತಲುಪುವವರೆಗೂ ಹೆಂಡತಿ ಮಾತಾಡಲಿಲ್ಲ. ಇಬ್ಬರ ತಲೆಯಲ್ಲೂ ಇದ್ದದ್ದು ಫಿಲಾಂಡೊ ಕ್ಯಾಸ್ಟಿಲ್ ಎಂಬ ಕಪ್ಪು ಜನಾಂಗದ ಯುವಕ. 2016ರ ಜುಲೈ 6ರಂದು ಮಿನ್ನೆಸೋಟದಲ್ಲಿ ಪೊಲೀಸರು ಕಾರು ತಡೆದಾಗ, ತನ್ನ ಬಳಿ ಬಂದೂಕಿದೆಯೆಂದು ಆತ ತಾನಾಗಿಯೇ ಹೇಳಿದ್ದ. ಪರವಾನಗಿಯೂ ಇತ್ತು. ಕೆಲವೇ ಕ್ಷಣಗಳಲ್ಲಿ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದ ಅಧಿಕಾರಿ ಮರುವರ್ಷ ಖುಲಾಸೆಯಾದರು. ನಿಯಮದಂತೆ ನಡೆದರೆ ಏನೂ ಆಗುವುದಿಲ್ಲ ಎನ್ನುವವರ ಮುಂದೆ ನಾನು ತಲೆಯಾಡಿಸುವುದಿಲ್ಲ. ನನ್ನ ಚರ್ಮದ ಬಣ್ಣವೂ ಬಿಳಿಯಲ್ಲ.

ಮರುದಿನವೇ ಪರ್ಸ್ ಜಾಗ ಬದಲಾಯಿತು. ಈಗ ಡ್ರೈವಿಂಗ್ ಲೈಸೆನ್ಸ್, ಪಿಸ್ತೂಲಿನ ಲೈಸೆನ್ಸ್, ವಿಮೆಯ ಕಾಗದ ಮೂರೂ ಡ್ಯಾಶ್‌ಬೋರ್ಡಿನ ಮೇಲೆ ಒಂದು ಪಾರದರ್ಶಕ ಚೀಲದಲ್ಲಿರುತ್ತವೆ. ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸುತ್ತೇನೆ, ಒಳಗಿನ ದೀಪ ಹಾಕುತ್ತೇನೆ, ಗಾಜು ಇಳಿಸುತ್ತೇನೆ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಬೆರಳು ಬಿಡಿಸುತ್ತೇನೆ. ಸೀಟ್ ಬೆಲ್ಟ್ ಬಿಚ್ಚುವುದಿಲ್ಲ; ಅದರ ಗುಂಡಿ ಇರುವುದೂ ಪಿಸ್ತೂಲಿನ ಪಕ್ಕದಲ್ಲೇ. ‘ಗನ್’ ಎಂಬ ಪದದಿಂದ ಮಾತು ಆರಂಭಿಸುವುದಿಲ್ಲ. ಲೈಸೆನ್ಸ್ ಇದೆ, ಪಿಸ್ತೂಲು ಬಲಸೊಂಟದಲ್ಲಿದೆ, ನಾನೇನು ಮಾಡಲಿ ಹೇಳಿ, ಇಷ್ಟೇ. ಟೆಕ್ಸಾಸ್‌ನಲ್ಲಿ ಗುರುತಿನ ಚೀಟಿ ಕೇಳಿದಾಗ ಎರಡೂ ಲೈಸೆನ್ಸ್ ತೋರಿಸಬೇಕು. ಮಿಷಿಗನ್‌ನಂಥ ಕಡೆ ಕೇಳುವ ಮೊದಲೇ ಹೇಳಬೇಕು. ಹಾಗಾಗಿ ರಾಜ್ಯದ ಗಡಿ ದಾಟುವ ಮುನ್ನ ಅಲ್ಲಿನ ಕಾನೂನು ಓದಿಕೊಳ್ಳುತ್ತೇನೆ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ 21 ತುಂಬಿದ ಹೆಚ್ಚಿನವರಿಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಲೈಸೆನ್ಸೇ ಬೇಕಿಲ್ಲ. ಆದರೂ ನವೀಕರಿಸಿದ್ದೇನೆ. ಆ ಕಾರ್ಡು ಕಂಡಾಗ ಅಧಿಕಾರಿಯ ಭುಜ ಸಡಿಲವಾಗುವುದನ್ನು ನೋಡಿದ್ದೇನೆ.

ಕಳೆದ ಬೇಸಿಗೆಯಲ್ಲಿ ಹಿಂದಿನ ದೀಪ ಉರಿಯುತ್ತಿಲ್ಲವೆಂದು ಒಬ್ಬ ಯುವ ಅಧಿಕಾರಿ ತಡೆದರು. ಎಲ್ಲ ಹೇಳಿದೆ. “ಅದು ಅಲ್ಲೇ ಇರಲಿ” ಎಂದು ನಕ್ಕು, ದೀಪ ಹಾಕಿಸಿಕೊಳ್ಳಲು ಹೇಳಿ ಹೋದರು. ಅವರ ಕಾರು ಮುಂದೆ ಹೋದ ಮೇಲೂ ನನ್ನ ಕೈ ಸ್ಟೀರಿಂಗ್ ಮೇಲೆ ಹಾಗೆಯೇ ಇತ್ತು. “ಅವರು ಹೋಗಿಯಾಯಿತು, ಗಾಡಿ ತೆಗೆಯಿರಿ” ಎಂದು ಹೆಂಡತಿ ಹೇಳಬೇಕಾಯಿತು.