ಸವಳು ಹೊಲಕ್ಕೆ ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ

ನಮ್ಮ ಎರೆ ಹೊಲ ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿದೆ. ಈ ಭಾಗದ ಬಹಳಷ್ಟು ಭೂಮಿಗೆ ಸರ್ಕಾರ ಗೊತ್ತುಮಾಡಿದ್ದು ಅರೆನೀರಾವರಿ ಬೆಳೆ, ಅಂದರೆ ಕಡಿಮೆ ನೀರಿನದು. ನಾವು ಹಿಡಿದದ್ದು ಎರಡು ಹಂಗಾಮಿನ ಭತ್ತ. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಏರುತ್ತದೆ, ಬೇಸಿಗೆಯಲ್ಲಿ ನೀರು ಆರಿ ಉಪ್ಪು ಮೇಲುಳಿಯುತ್ತದೆ. ತಗ್ಗಿನ ಮಡಿಗಳಲ್ಲಿ ಹಚ್ಚಿದ ಸಸಿ ತುದಿಯಿಂದ ಒಣಗುತ್ತಿತ್ತು.

"ಜಿಪ್ಸಂ ಹಾಕು ತಮ್ಮಾ, ಎಲ್ಲ ಸರಿ ಆಗತೈತಿ" ಎಂದರು ಪಕ್ಕದ ಹೊಲದ ಕಾಕಾ. ನಾನು ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ, ಮೇಲ್ಮಣ್ಣಷ್ಟೇ ಅಲ್ಲ, ಎರಡು ಅಡಿ ಆಳದ್ದೂ ಸೇರಿಸಿ. ಮಣ್ಣಿನ ವಿದ್ಯುತ್ ವಾಹಕತೆಯಿಂದ ಅಳೆಯುವ ಲವಣಾಂಶ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದ್ದರೆ ಅದು ಲವಣದ ಭೂಮಿ. ಅದನ್ನು ತೊಳೆಯಲು ನೀರು ಬೇಕು, ಜಿಪ್ಸಂ ಅಲ್ಲ. ಮಣ್ಣಿಗೆ ಅಂಟಿದ ಸೋಡಿಯಂ ಶೇ. 15 ದಾಟಿದ್ದರೆ ಮಾತ್ರ ಜಿಪ್ಸಂಗೆ ಕೆಲಸ. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಹೊರಬಿದ್ದ ಸೋಡಿಯಂ ನೀರಿನ ಜೊತೆ ಹೋಗಬೇಕು. ಹೋಗಲಿಕ್ಕೆ ದಾರಿಯೇ ಇಲ್ಲದಿದ್ದರೆ? ಸಬ್ಸಿಡಿ ಸಿಕ್ಕಿತೆಂದು ಚೀಲಗಟ್ಟಲೆ ಸುರಿಯುವವರು ಇದನ್ನು ಕೇಳುವುದೇ ಇಲ್ಲ. ನನ್ನ ಹೊಲದಲ್ಲಿ ಲವಣ, ಸೋಡಿಯಂ ಎರಡರ ತೊಂದರೆಯೂ ಇತ್ತು.

ಹಾಗಾಗಿ ಮೊದಲು ನೆಲದಡಿಯ ಬಸಿಗಾಲುವೆಯ ಪೈಪು. ಸುಮಾರು ಮೂರು ಅಡಿ ಆಳದಲ್ಲಿ, ಫಿಲ್ಟರ್ ಬಟ್ಟೆ ಸುತ್ತಿದ ತೂತಿನ ಪೈಪುಗಳನ್ನು ಹಳ್ಳದ ಕಡೆಗೆ ಇಳಿಜಾರು ಕೊಟ್ಟು ಹೂಳಿಸಿದೆವು. ಅಗೆತಕ್ಕಿಂತ ಕಷ್ಟವಾದದ್ದು ಪೈಪಿನ ಬಾಯಿ ಎಲ್ಲಿ ಬಿಡುವುದು ಎಂಬುದು. ಹಳ್ಳದ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಹಳ್ಳಕ್ಕೆ ಹೋಗಬೇಕಾದರೆ ಕಾಕಾನ ಬದು ದಾಟಬೇಕು. "ನಿನ್ನ ಉಪ್ಪು ನನ್ನ ಹೊಲಕ್ಯಾಕೋ?" ಎಂದು ಅವರು ಕೇಳಿದ್ದು ತಪ್ಪಲ್ಲ. ಅವರ ಹೊಲದೊಳಗೆ ತೂತಿಲ್ಲದ ಪೈಪು ಹಾಕುತ್ತೇವೆಂದು ಮಾತುಕೊಟ್ಟ ಮೇಲೆ ಒಪ್ಪಿದರು.

ನಂತರ ವರದಿಯಲ್ಲಿ ಹೇಳಿದಷ್ಟೇ ಜಿಪ್ಸಂ ಹರಡಿ, ಮೇಲ್ಮಣ್ಣಿನಲ್ಲಿ ಬೆರೆಸಿ, ಮಡಿಯಲ್ಲಿ ಕಾಲುವೆ ನೀರು ನಿಲ್ಲಿಸಿದೆ. ಪೈಪಿನಿಂದ ಬಂದ ನೀರು ನಾಲಿಗೆಗೇ ಉಪ್ಪು ತಿಳಿಯುವಷ್ಟಿತ್ತು. ಆಮೇಲೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಂಚ ಬಿತ್ತಿ, ಹೂ ಬರುವ ಹೊತ್ತಿಗೆ ರೊಳ್ಳೆ ಹೊಡೆಸಿ (ಕೆಸರು ಮಾಡಿಸಿ) ಮಣ್ಣಿಗೆ ಸೇರಿಸಿದೆ. ಭತ್ತಕ್ಕೆ ಸತುವಿನ ಸಲ್ಫೇಟನ್ನೂ ಕೊಟ್ಟೆ. ಇಂಥ ಮಣ್ಣಿನಲ್ಲಿ ಸತು ಬೆಳೆಗೆ ಸುಲಭವಾಗಿ ಸಿಗದು.

ತಗ್ಗಿನ ಮಡಿಗಳಲ್ಲಿ ಈಗ ಸಸಿ ನಿಲ್ಲುತ್ತದೆ, ಎತ್ತರದ ಮಡಿಗಳಷ್ಟು ಇಳುವರಿ ಮಾತ್ರ ಅಲ್ಲಿ ಇನ್ನೂ ಬಂದಿಲ್ಲ. ಪೈಪು ಹಾಕಿಸುವವರು ಬಾಯಿಗೊಂದು ಮುಚ್ಚಳ ಮಾಡಿಸಿಕೊಳ್ಳಿ. ಯೂರಿಯಾ ಹಾಕಿದ ದಿನಗಳಲ್ಲಿ ಅದನ್ನು ಮುಚ್ಚದಿದ್ದರೆ ಗೊಬ್ಬರವೂ ಹಳ್ಳ ಸೇರುತ್ತದೆ.