ಸಸ್ಟೇನ್ ಎಂದರೆ ಸಮಯವಲ್ಲ: ಸಿಂಥಸೈಜರ್ ನಾಬ್‌ಗಳನ್ನು ತಿರುಗಿಸುವ ಬಗೆ

ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್ ವಾದ್ಯವಾದ ಸಿಂಥಸೈಜರ್ ಮುಂದೆ ಮೊದಲ ಸಲ ಕೂತವರನ್ನು ತುಂಬ ನೋಡಿದ್ದೇನೆ. ಒಂದು ರೆಡಿ ಟೋನ್ (ಕಂಪನಿಯೇ ಮೊದಲೇ ತುಂಬಿಟ್ಟ ಸದ್ದು) ಆರಿಸುತ್ತಾರೆ, ಕೈಗೆ ಸಿಕ್ಕ ನಾಲ್ಕು ನಾಬ್ ತಿರುಗಿಸುತ್ತಾರೆ. ಸದ್ದು ಕೆಡುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಆಮೇಲೆ ಆ ನಾಬ್‌ಗಳ ತಂಟೆಗೇ ಹೋಗುವುದಿಲ್ಲ. ನನಗೆ ಬೇಸರವಾಗುವುದು ಅಲ್ಲೇ. ಸರಿಯಾದ ಕ್ರಮದಲ್ಲಿ ಹೋದರೆ ಒಂದು ಸಂಜೆಯಲ್ಲಿ ಕೈಗೆ ಹತ್ತುವ ಕೆಲಸ ಇದು.

1. ವಾಲ್ಯೂಮ್ ಪೂರ್ತಿ ಇಳಿಸಿ. ಮೊದಲು ಕೀಬೋರ್ಡ್ ಆನ್ ಮಾಡಿ, ಸ್ಪೀಕರ್ ಕೊನೆಗೆ. ಆಫ್ ಮಾಡುವಾಗ ಇದರ ಉಲ್ಟಾ.

2. ಮೆನುವಿನಲ್ಲಿ ‘ಇನಿಟ್’ ಎಂಬ ಖಾಲಿ ಟೋನ್ ಹುಡುಕಿ, ಅದರಿಂದಲೇ ಶುರು ಮಾಡಿ. ರೆಡಿ ಟೋನ್ ಹಾಕಿದಾಗ ನಾಬ್ ತೋರಿಸುವುದೇ ಒಂದು, ಒಳಗಿರುವ ಅಳತೆಯೇ ಒಂದು. ಮುಟ್ಟಿದ ಕೂಡಲೇ ಸದ್ದು ಜಿಗಿಯುತ್ತದೆ. ಜೊತೆಗೆ ಆ ಟೋನ್‌ಗಳಿಗೆ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಕೇಳುವಂಥ ಗುಂಗು) ಎಷ್ಟು ಸುರಿದಿರುತ್ತಾರೆ ಎಂದರೆ, ನೀವು ಮಾಡಿದ ಬದಲಾವಣೆ ಕಿವಿಗೆ ಬೀಳುವುದೇ ಇಲ್ಲ. ಕಲಿಯುವಾಗ ರಿವರ್ಬ್ ಆಫ್ ಇರಲಿ.

3. ಸದ್ದು ಹುಟ್ಟಿಸುವ ಭಾಗವಾದ ಆಸಿಲೇಟರ್‌ನಲ್ಲಿ ಗರಗಸದ ಹಲ್ಲಿನಂಥ ‘ಸಾ’ ಅಲೆ ಆರಿಸಿ. ಇದರಲ್ಲಿ ಎಲ್ಲ ಹಾರ್ಮೋನಿಕ್‌ಗಳೂ (ಮೂಲ ಸ್ವರದ ಜೊತೆ ಮೇಲೆ ಮೊಳಗುವ ಸ್ವರಗಳು) ಇವೆ, ಸ್ಕ್ವೇರ್ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ. ಸೈನ್ ಅಲೆಯಲ್ಲಿ ಮೂಲ ಸ್ವರ ಬಿಟ್ಟರೆ ಏನೂ ಇಲ್ಲ, ಸದ್ದಿನ ಒಂದು ಭಾಗವನ್ನು ಕತ್ತರಿಸುವ ಫಿಲ್ಟರ್‌ಗೆ ಕತ್ತರಿಸಲು ಏನೂ ಸಿಗುವುದಿಲ್ಲ.

4. ಕೀ ಒತ್ತಿ ಹಿಡಿದು ಫಿಲ್ಟರ್ ಎಲ್ಲಿಂದ ಕತ್ತರಿಸಬೇಕು ಎಂದು ಹೇಳುವ ಕಟಾಫ್ ನಾಬ್ ನಿಧಾನವಾಗಿ ಇಳಿಸಿ. ಚೂಪು ಸದ್ದು ಮಂದವಾಗುತ್ತಾ ಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿ. ರೆಸೊನೆನ್ಸ್ (ಕಟಾಫ್ ಇರುವ ಜಾಗದ ಸದ್ದನ್ನು ಎತ್ತಿ ತೋರಿಸುವ ನಾಬ್) ಏರಿಸುವ ಮುಂಚೆ ಹೆಡ್‌ಫೋನ್ ವಾಲ್ಯೂಮ್ ತಗ್ಗಿಸಿ. ಪೂರ್ತಿ ಏರಿಸಿದರೆ ಎಷ್ಟೋ ವಾದ್ಯಗಳಲ್ಲಿ ಫಿಲ್ಟರ್ ತಾನೇ ಸಿಳ್ಳೆ ಹೊಡೆಯುತ್ತದೆ, ಕಿವಿಗೆ ಪೆಟ್ಟು.

5. ಈಗ ಎನ್ವಲಪ್, ಅಂದರೆ ಕೀ ಒತ್ತಿದಾಗಿನಿಂದ ಸದ್ದು ಏರಿ ಇಳಿಯುವ ಬಗೆ. ಎಲ್ಲರೂ ಎಡವುವುದು ಇಲ್ಲೇ. ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂದು ನಾಲ್ಕು ನಾಬ್. ಇವುಗಳಲ್ಲಿ ಮೂರು ಮಾತ್ರ ಸಮಯದವು. ಸಸ್ಟೇನ್ ಸಮಯ ಅಲ್ಲ, ಮಟ್ಟ. ಕೀ ಹಿಡಿದಿರುವಷ್ಟು ಹೊತ್ತು ಸದ್ದು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ.

ಹೀಗೆ ಮಾಡಿ ನೋಡಿ. ಸಸ್ಟೇನ್ ಪೂರ್ತಿ ಮೇಲೆ, ಉಳಿದ ಮೂರೂ ಸೊನ್ನೆ. ಒತ್ತಿದರೆ ಸದ್ದು, ಬಿಟ್ಟರೆ ಮೌನ. ಈಗ ಡಿಕೇ ಎಷ್ಟೇ ತಿರುಗಿಸಿ, ಏನೂ ಆಗುವುದಿಲ್ಲ. ಒಬ್ಬ ಹುಡುಗ ನಾಬ್ ಕೆಟ್ಟಿದೆ ಎಂದು ಕೀಬೋರ್ಡನ್ನೇ ವಾಪಸ್ ಕೊಡಲು ಹೊರಟಿದ್ದ. ಕೆಟ್ಟಿರಲಿಲ್ಲ. ಮೇಲಿನ ತುದಿಯಿಂದ ಸಸ್ಟೇನ್ ಮಟ್ಟಕ್ಕೆ ಇಳಿಯುವ ಹೊತ್ತೇ ಡಿಕೇ. ಸಸ್ಟೇನೇ ತುದಿಯಲ್ಲಿದ್ದರೆ ಇಳಿಯುವುದೆಲ್ಲಿಗೆ, ಅಲ್ವಾ?

ಸಸ್ಟೇನ್ ಸೊನ್ನೆಗೆ ತಂದು ಡಿಕೇ ಅರ್ಧಕ್ಕೆ ಇಡಿ. ಕೀ ಹಿಡಿದೇ ಇದ್ದರೂ, ಮೀಟಿದ ತಂತಿಯ ಹಾಗೆ ಸದ್ದು ಆರಿಹೋಗುತ್ತದೆ. ಡಿಕೇಯನ್ನೂ ಸೊನ್ನೆ ಮಾಡಿದರೆ ಒಂದು ‘ಟಕ್’ ಅಷ್ಟೇ. ‘ಸದ್ದೇ ಹೋಯ್ತು’ ಎಂದು ಗಾಬರಿಯಾಗುವುದು ಈ ಜಾಗದಲ್ಲಿ. ಸಸ್ಟೇನ್ ಮತ್ತೆ ಏರಿಸಿ ಅಟ್ಯಾಕ್ ಹೆಚ್ಚಿಸಿದರೆ, ಕಮಾನು ಎಳೆದಂತೆ ಸದ್ದು ಮೆಲ್ಲಗೆ ಏಳುತ್ತದೆ. ರಿಲೀಸ್ ಕೀ ಬಿಟ್ಟ ಮೇಲಿನ ಬಾಲ. ಇದು ಜಾಸ್ತಿಯಾದರೆ ಹಿಂದಿನ ಕಾರ್ಡ್ (ಒಟ್ಟಿಗೆ ನುಡಿಸಿದ ಸ್ವರಗಳು) ಮುಂದಿನದರ ಮೇಲೆ ಮೆತ್ತಿಕೊಳ್ಳುತ್ತದೆ. ನಾನಂತೂ ಚಿಕ್ಕದಾಗಿಯೇ ಇಡುತ್ತೇನೆ, ನೀವೂ ಹಾಗೇ ಇಡಿ. 1970ರ ಮಿನಿಮೂಗ್ ಎಂಬ ಸಿಂಥಸೈಜರ್‌ನಲ್ಲಿ ರಿಲೀಸ್‌ಗೆ ಬೇರೆ ನಾಬೇ ಇರಲಿಲ್ಲ, ಒಂದು ಸ್ವಿಚ್ ಹಾಕಿದರೆ ಡಿಕೇ ನಾಬೇ ಆ ಕೆಲಸವನ್ನೂ ಮಾಡುತ್ತಿತ್ತು.

ಎಷ್ಟೋ ಕೀಬೋರ್ಡ್‌ಗಳಲ್ಲಿ ಇದೇ ನಾಲ್ಕು ನಾಬ್ ಫಿಲ್ಟರ್‌ಗೂ ಬೇರೆಯಾಗಿ ಇರುತ್ತವೆ. ಅವನ್ನು ತಿರುಗಿಸಿದರೂ ಏನೂ ಬದಲಾಗದಿದ್ದರೆ ಎರಡೇ ಕಡೆ ನೋಡಿ. ಎನ್ವಲಪ್ ಫಿಲ್ಟರನ್ನು ಎಷ್ಟು ಅಲುಗಿಸಬೇಕು ಎಂಬ ‘ಎನ್ವಲಪ್ ಅಮೌಂಟ್’ ಸೊನ್ನೆಯಲ್ಲಿರಬಹುದು, ಅಥವಾ ಕಟಾಫ್ ಆಗಲೇ ಪೂರ್ತಿ ತೆರೆದಿರಬಹುದು. ಕಟಾಫ್ ತಗ್ಗಿಸಿ, ಅಮೌಂಟ್ ಏರಿಸಿ, ಡಿಕೇ ಚಿಕ್ಕದು ಮಾಡಿ. ‘ವ್ಯಾವ್’ ಎಂದು ಬಾಯಿ ತೆರೆದು ಮುಚ್ಚುವ ಬೇಸ್ (ತಗ್ಗು ಸ್ವರದ) ಸದ್ದು ಸಿಗುತ್ತದೆ. ನನಗೆ ತುಂಬ ಇಷ್ಟದ್ದು ಇದು.

(1983ರ ಯಮಹಾ ಡಿಎಕ್ಸ್7 ತರಹದ ಎಫ್‌ಎಂ ವಾದ್ಯಗಳ (ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ಸದ್ದು ಮಾಡುವವು) ದಾರಿಯೇ ಬೇರೆ. ಅಲ್ಲಿಂದ ಶುರು ಮಾಡಬೇಡಿ. ನೂರಾರು ಟೋನ್ ಇದ್ದೂ ಒಂದು ಕಟಾಫ್ ನಾಬ್ ಇಲ್ಲದ ಕೀಬೋರ್ಡನ್ನು ಇದನ್ನು ಕಲಿಯಲೆಂದು ಕೊಳ್ಳಲೂ ಬೇಡಿ.)

6. ಎಡಗಡೆಯ ಪಿಚ್ ಬೆಂಡ್ ಚಕ್ರ ಬಿಟ್ಟ ಕೂಡಲೇ ನಡುವಿಗೆ ಮರಳುತ್ತದೆ. ಸಾಮಾನ್ಯವಾಗಿ ಅದು ಎರಡು ಸೆಮಿಟೋನ್‌ನಷ್ಟು (ಪಕ್ಕದ ಕೀಗಿರುವ ಅಂತರ ಒಂದು ಸೆಮಿಟೋನ್) ಸ್ವರವನ್ನು ಎಳೆಯುತ್ತದೆ. ಸ್ವರವನ್ನು ನಡುಗಿಸುವ ಮಾಡ್ಯುಲೇಷನ್ ಚಕ್ರ ಮಾತ್ರ ಇಟ್ಟಲ್ಲೇ ಇರುತ್ತದೆ, ನುಡಿಸಿದ ಮೇಲೆ ನೀವೇ ಇಳಿಸಬೇಕು. ಮರೆತರೆ ಮುಂದಿನ ಸ್ವರಗಳೆಲ್ಲ ನಡುಗುತ್ತವೆ.

7. ಸದ್ದು ಹಿಡಿಸಿತೇ? ಬೇರೆ ಯಾವ ಬಟನ್ ಕೂಡ ಮುಟ್ಟದೆ ಮೊದಲು ‘ರೈಟ್’ ಅಥವಾ ‘ಸ್ಟೋರ್’ ಒತ್ತಿ, ಖಾಲಿ ಜಾಗ ಆರಿಸಿ, ಹೆಸರು ಕೊಡಿ. ಟೋನ್ ಬದಲಿಸಿದರೆ ಅಷ್ಟೂ ಹೊತ್ತಿನ ಕೆಲಸ ಅಳಿಸಿಹೋಗುತ್ತದೆ. ಸೇವ್ ಆದ ಮೇಲೆ ಇನ್ನೊಂದು ಟೋನ್‌ಗೆ ಹೋಗಿ, ವಾಪಸ್ ಬಂದು, ಒಂದು ಕೀ ಒತ್ತಿ ಕೇಳಿ.